ಟಂಡ್ರಾ ಹಸಿರಾದರೆ ಕಾಳಿಯ ಕೆಸರಿಗೇನು?

ಏಪ್ರಿಲ್ ಕೊನೆಯ ವಾರದಲ್ಲಿ, ಇಳಿತದ ಹೊತ್ತು ನೋಡಿಕೊಂಡು ಕಾರವಾರದ ಕೋಡಿಬಾಗದ ಕಡೆಯಿಂದ ಕಾಳಿ ನದಿಯ ಅಳಿವೆಗೆ ಇಳಿದರೆ, ಬಯಲಾದ ಕೆಸರಿನ ಮೇಲೆ ಮೈನಾಕ್ಕಿಂತ ಸಣ್ಣ ಗಾತ್ರದ, ಕೊಕ್ಕಿನ ತುದಿ ತುಸು ಕೆಳಕ್ಕೆ ಬಾಗಿದ ಹಕ್ಕಿಗಳು ಗುಂಪಾಗಿ ಮೇಯುವುದು ಕಾಣುತ್ತದೆ. ಕನ್ನಡದಲ್ಲಿ ಈ ಬಳಗಕ್ಕೆಲ್ಲ ಉಲ್ಲಂಕಿ ಎಂಬ ಒಂದೇ ಹೆಸರನ್ನು ಹಂಚಿಬಿಟ್ಟಿದ್ದೇವೆ. ಹಕ್ಕಿ ನೋಡುವವರು ಇದನ್ನು ಕರ್ಲ್ಯೂ ಸ್ಯಾಂಡ್‌ಪೈಪರ್ ಎನ್ನುತ್ತಾರೆ. ಸಸಿ ನೆಡುವವರ ಬೆರಳಿನಂತೆ ಅದರ ಕೊಕ್ಕು ಕೆಸರಿಗೆ ಇಳಿದು ಏಳುತ್ತದೆ, ಒಂದು ಹೆಜ್ಜೆ ಮುಂದಿಟ್ಟು ಮತ್ತೆ ಇಳಿಯುತ್ತದೆ. ಚಳಿಗಾಲವೆಲ್ಲ ಬೂದಿಬಣ್ಣದಲ್ಲಿ ಕಂಡ ಹಕ್ಕಿಯ ಎದೆಯ ಮೇಲೆ ಆ ವಾರದಲ್ಲಿ ಚಿರೇಕಲ್ಲಿನ ಕೆಂಪು ಹತ್ತಿರುತ್ತದೆ. ಆ ಬಣ್ಣ ಕಂಡಿತೆಂದರೆ ಅದು ಹೊರಡುವ ತಯಾರಿಯಲ್ಲಿದೆ ಎಂದು ಅರ್ಥ.

ಹೊರಡುವುದು ಉತ್ತರ ಸೈಬೀರಿಯಾದ ಟಂಡ್ರಾಕ್ಕೆ. ಅದರ ನಡುವಿನಲ್ಲಿ ತೈಮಿರ್ ಎಂಬ ದೊಡ್ಡ ಪರ್ಯಾಯದ್ವೀಪವಿದೆ. ಇಲ್ಲಿಂದ ಅಲ್ಲಿಗೆ ನೇರ ಗೆರೆ ಎಳೆದರೂ ಆರೂವರೆ ಸಾವಿರ ಕಿಲೋಮೀಟರಿಗೆ ಕಡಿಮೆಯಿಲ್ಲ, ಹಕ್ಕಿಯ ತೂಕವೋ ಐವತ್ತು–ಅರವತ್ತು ಗ್ರಾಮಿನ ಆಸುಪಾಸು. ನಮ್ಮ ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಹೇಳುವುದಾದರೆ, ರೋಹಿಣಿ ಮುಗಿದು ಮೃಗಶಿರ ಹಿಡಿಯುವ ಹೊತ್ತಿಗೆ ಅದು ಅಲ್ಲಿರುತ್ತದೆ, ಆರ್ದ್ರಾದೊಳಗೆ ಮೊಟ್ಟೆಗಳ ಮೇಲೆ ಕೂತಿರುತ್ತದೆ, ಪುನರ್ವಸುವಿನಲ್ಲಿ ಮರಿ ಹೊರಬರುತ್ತದೆ. ಹುಟ್ಟಿದ ದಿನದಿಂದಲೇ ಮರಿ ತನ್ನ ಕೂಳನ್ನು ತಾನೇ ಹುಡುಕಬೇಕು; ತಂದೆತಾಯಿ ಬಾಯಿಗೆ ತಂದಿಡುವ ಪದ್ಧತಿ ಈ ಕುಲದಲ್ಲಿಲ್ಲ.

ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಚಳಿಗಾಲಕ್ಕೆ ಬರುವ ಪ್ರತಿಯೊಂದು ಹಕ್ಕಿಯನ್ನೂ 'ಸೈಬೀರಿಯಾದ ಹಕ್ಕಿ' ಎಂದು ಬರೆಯುವ ರೂಢಿಯಿದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಪ್ರಸ್ಥಭೂಮಿಗಳ ಕೆರೆಗಳ ಬದಿಯಲ್ಲಿ ಗೂಡು ಕಟ್ಟುವಂಥವು, ಟಂಡ್ರಾದವಲ್ಲ. ಟಂಡ್ರಾದ ನಿಜವಾದ ಅತಿಥಿಗಳನ್ನು ನೋಡಬೇಕಾದರೆ ಕೆರೆಗಿಂತ ಕಡಲಂಚಿನ ಕೆಸರನ್ನು ನೋಡುವುದೇ ಮೇಲು, ಆದರೆ ಅಲ್ಲಿ ಕ್ಯಾಮೆರಾ ಹಿಡಿದು ನಿಲ್ಲುವವರು ಕಡಿಮೆ.

ಈಗ ವಿಷಯಕ್ಕೆ ಬರೋಣ. ಟಂಡ್ರಾ ಎಂದರೆ ಮರವಿಲ್ಲದ ನೆಲ. ಕೆಳಗೆ ವರ್ಷವಿಡೀ ಹೆಪ್ಪುಗಟ್ಟಿಯೇ ಇರುವ ಮಣ್ಣು, ಅದರ ಮೇಲೆ ಬೇಸಿಗೆಯಲ್ಲಿ ಮಾತ್ರ ಕರಗುವ ತೆಳು ಪದರ. ಆ ಪದರದಲ್ಲಿ ಬೇರೂರಿದ ಜೊಂಡು, ಹಾವಸೆ, ಮೊಣಕಾಲೆತ್ತರವನ್ನೂ ಮುಟ್ಟದ ವಿಲೋ ಮತ್ತು ಬರ್ಚ್ ಕುರುಚಲು, ಜೊತೆಗೆ ಹಿಮಸಾರಂಗಗಳು ಚಳಿಗಾಲದಲ್ಲಿ ಹಿಮ ಕೆದರಿ ತಿನ್ನುವ ಕಲ್ಲುಹೂವು, ಅಂದರೆ ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ದೂರದ ಸಂಬಂಧಿ. 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ ಎಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ಆ ಬಿಸಿಗೆ ಟಂಡ್ರಾದ ಹಲವು ಭಾಗಗಳು ಹಸಿರಾಗುತ್ತಿವೆ, ಉಪಗ್ರಹ ಚಿತ್ರಗಳಲ್ಲೂ ಇದು ಕಾಣುತ್ತದೆ. 1990ರಿಂದ ಹಲವು ದೇಶಗಳ ಸಸ್ಯವಿಜ್ಞಾನಿಗಳು ಟಂಡ್ರಾದ ಪುಟ್ಟ ಪುಟ್ಟ ತುಣುಕುಗಳ ಸುತ್ತ ಪಾರದರ್ಶಕ ಗೋಡೆ ನಿಲ್ಲಿಸಿ, ಒಂದೆರಡು ಡಿಗ್ರಿ ಬೆಚ್ಚಗಾಗಿಸಿ, ಅಲ್ಲಿ ಏನಾಗುತ್ತದೆ ಎಂದು ವರ್ಷಗಟ್ಟಲೆ ಕಾದು ನೋಡಿದ್ದಾರೆ. ಕುರುಚಲು ಎತ್ತರವಾಯಿತು, ದಟ್ಟವಾಯಿತು; ಅದರ ನೆರಳಿನಲ್ಲಿ ಹಾವಸೆ, ಕಲ್ಲುಹೂವು ಸೊರಗಿದವು.

ಹಸಿರಾದರೆ ಒಳ್ಳೆಯದೇ ಅಲ್ಲವೇ ಎಂದು ನಮ್ಮ ಜಿಲ್ಲೆಯವರಿಗೆ ಅನ್ನಿಸುವುದು ಸಹಜ. ಘಟ್ಟದ ಬುಡದಲ್ಲಿ ಹುಟ್ಟಿ ಬೆಳೆದವರಿಗೆ ಹಸಿರು ಎಂಬುದು ಪುಣ್ಯದ ಬಣ್ಣ, ಬೋಳು ಎಂಬುದು ಪಾಪದ್ದು. ಈ ಒಂದು ನಂಬಿಕೆಯ ಬಗ್ಗೆಯೇ ನನಗೆ ತಕರಾರಿದೆ. ಕುಮಟಾ, ಅಂಕೋಲಾ, ಹೊನ್ನಾವರದ ಚಿರೇಕಲ್ಲಿನ ಹಾಸುಗಳು, ಹುಲ್ಲಿನ ಬೇಣಗಳು ಎಷ್ಟೋ ಕಡೆ ಅಕೇಶಿಯಾ ನೆಡುತೋಪುಗಳಾಗಿವೆ. ದೂರದಿಂದ ನೋಡಿದರೆ ವರ್ಷವಿಡೀ ಹಸಿರು. ಬರಿ ನೆಲದ ಕಲ್ಲುಗಳ ನಡುವೆ ಕಲ್ಲಿನಂಥದೇ ಮೊಟ್ಟೆಯಿಟ್ಟು, ನಾಯಿ ಬಂದರೆ ಅರ್ಧ ಫರ್ಲಾಂಗು ದೂರದಿಂದಲೇ ಕಂಡು ಕೂಗಿ ಎಬ್ಬಿಸುವ ಟಿಟ್ಟಿಭಕ್ಕೆ ಆ ತೋಪಿನೊಳಗೆ ಏನು ಕೆಲಸ? ಟಂಡ್ರಾದ ಉಲ್ಲಂಕಿಗಳ ಪಾಡೂ ಇಂಥದೇ. ಅವು ಬಯಲಿನ ನೆಲಗೂಡಿನ ಹಕ್ಕಿಗಳು, ದೂರದಿಂದ ಬರುವ ಶತ್ರುವನ್ನು ಕಾಣುವುದೇ ಅವುಗಳ ರಕ್ಷಣೆ. ಕೆನಡಾದ ಚರ್ಚಿಲ್ ಬಳಿ ಕುರುಚಲು ಹೆಚ್ಚಿದ ಜಾಗಗಳಲ್ಲಿ ವಿಂಬ್ರೆಲ್‌ಗಳ ಗೂಡುಗಳು ಕಡಿಮೆಯಾದದ್ದು ದಾಖಲಾಗಿದೆ. ಆ ಹಕ್ಕಿಯ ತೀರಾ ಹತ್ತಿರದ ಸಂಬಂಧಿ, ಬೇರೆ ನಾಡಿನದು, ಚಳಿಗಾಲದಲ್ಲಿ ನಮ್ಮ ಅಳಿವೆಗಳಿಗೂ ಬರುತ್ತದೆ.

ಗಿಡದ ಮಾತಿಗಿಂತ ಗಡಿಯಾರದ ಮಾತು ಇನ್ನೂ ಗಂಭೀರ. ಟಂಡ್ರಾದಲ್ಲಿ ಹಿಮ ಕರಗಿದ ಮೇಲೆ ಕೀಟಗಳು ಒಮ್ಮೆಗೇ ಏಳುತ್ತವೆ, ಕೆಲವು ವಾರಗಳಲ್ಲಿ ಮುಗಿದೂ ಹೋಗುತ್ತವೆ. ಮರಿ ಹೊರಬರುವ ಹೊತ್ತೂ ಕೀಟ ಏಳುವ ಹೊತ್ತೂ ಕೂಡಿಬರಬೇಕು. ಆದರೆ ಕಾಳಿಯ ಕೆಸರಿನಲ್ಲಿ ಮೇಯುವ ಹಕ್ಕಿಗೆ ತೈಮಿರಿನಲ್ಲಿ ಈ ವರ್ಷ ಹಿಮ ಯಾವಾಗ ಕರಗಿತು ಎಂಬುದು ತಿಳಿಯುವ ಬಗೆಯೇ ಇಲ್ಲ. ಅದು ಹಗಲಿನ ಉದ್ದ ನೋಡಿ ಹೊರಡುತ್ತದೆ, ಹಗಲಿನ ಉದ್ದವೋ ಬದಲಾಗಿಲ್ಲ. 2016ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ತೈಮಿರಿನಲ್ಲಿ ಗೂಡು ಕಟ್ಟಿ ಪಶ್ಚಿಮ ಆಫ್ರಿಕಾದ ಮಾರಿಟೇನಿಯಾದ ಕರಾವಳಿಯಲ್ಲಿ ಚಳಿಗಾಲ ಕಳೆಯುವ ರೆಡ್ ನಾಟ್ ಎಂಬ ಹಕ್ಕಿಯ ಕಥೆ ಅದು. ನಮ್ಮ ಕರಾವಳಿಗೆ ಈ ಹಕ್ಕಿ ತೀರಾ ಅಪರೂಪ. 33 ವರ್ಷಗಳ ಉಪಗ್ರಹ ಚಿತ್ರಗಳ ಪ್ರಕಾರ ಅದರ ಗೂಡಿನ ನೆಲದಲ್ಲಿ ಹಿಮ ವರ್ಷಕ್ಕೆ ಅರ್ಧ ದಿನದಂತೆ ಬೇಗ ಕರಗುತ್ತ ಬಂದಿದೆ. ಹಿಮ ಬೇಗ ಕರಗಿದ ವರ್ಷಗಳಲ್ಲಿ ಹುಟ್ಟಿದ ಮರಿಗಳ ಮೈ ಚಿಕ್ಕದು, ಕೊಕ್ಕು ಗಿಡ್ಡ. ಹಾಗೆ ಬೆಳೆದ ಹಕ್ಕಿ ಮಾರಿಟೇನಿಯಾ ಮುಟ್ಟಿದಾಗ, ಅಲ್ಲಿ ಮರಳಿನಾಳದಲ್ಲಿ ಅಡಗಿದ ಚಿಪ್ಪುಜೀವಿಗಳು ಅದರ ಕೊಕ್ಕಿಗೆ ನಿಲುಕುವುದಿಲ್ಲ. ಮೇಲುಪದರದಲ್ಲಿ ಸಿಕ್ಕಿದ್ದನ್ನು, ಕಡಲಹುಲ್ಲಿನ ಬೇರನ್ನು ತಿಂದು ದಿನ ನೂಕಬೇಕು. ಅವು ಬದುಕುಳಿಯುವ ಪ್ರಮಾಣವೂ ಕಡಿಮೆ.

ಅಘನಾಶಿನಿಯ ಇಳಿತದಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವ ಹೆಂಗಸರನ್ನು ನೋಡಿದವರಿಗೆ ಈ ಅಧ್ಯಯನವನ್ನು ವಿವರಿಸಿ ಹೇಳಬೇಕಾಗಿಲ್ಲ. ಸೊಂಟಮಟ್ಟದ ನೀರಿನಲ್ಲಿ ಕಾಲಿನಿಂದ ತಡವಿ, ಎಷ್ಟು ಆಳದಲ್ಲಿದೆ ಎಂದು ತಿಳಿದು ಕೈ ಹಾಕುವ ಕೆಲಸ ಅದು. ಎರಡು ಬೆರಳು ಆಳ ಹೆಚ್ಚಾದರೆ ಆ ದಿನದ ಬುಟ್ಟಿ ಅರ್ಧವೇ ತುಂಬುತ್ತದೆ.

ಇನ್ನು ಲೆಮ್ಮಿಂಗ್ ಇಲಿಗಳು. ಟಂಡ್ರಾದಲ್ಲಿ ಮೂರು–ನಾಲ್ಕು ವರ್ಷಕ್ಕೊಮ್ಮೆ ಇವು ವಿಪರೀತವಾಗಿ ಹೆಚ್ಚುತ್ತವೆ, ಮತ್ತೆ ಕುಸಿಯುತ್ತವೆ. ಹೆಚ್ಚಿದ ವರ್ಷ ಹಿಮನರಿಗಳ ಹೊಟ್ಟೆ ಇಲಿಯಿಂದಲೇ ತುಂಬಿ ಉಲ್ಲಂಕಿಯ ಮರಿಗಳು ಉಳಿಯುತ್ತವೆ. ಕುಸಿದ ವರ್ಷ ನರಿ ಮೊಟ್ಟೆಯ ಕಡೆ ತಿರುಗುತ್ತದೆ. ಲೆಮ್ಮಿಂಗ್‌ಗಳ ಚಳಿಗಾಲದ ಮನೆ ಸಡಿಲ ಹಿಮದ ಅಡಿಯಲ್ಲಿ. ನಡುಚಳಿಯಲ್ಲಿ ಹಿಮ ಕರಗಿ ಮತ್ತೆ ಗಡ್ಡೆಕಟ್ಟಿದರೆ ಆ ಮನೆ ಮುಚ್ಚಿಹೋಗುತ್ತದೆ. ಈಶಾನ್ಯ ಗ್ರೀನ್‌ಲ್ಯಾಂಡಿನಲ್ಲಿ 2000ದ ಆಸುಪಾಸಿನಿಂದ ಈ ಏರಿಳಿತವೇ ಮುರಿದುಬಿತ್ತು.

ಎಲ್ಲವೂ ಒಂದೇ ದಿಕ್ಕಿಗೆ ಹೋಗುತ್ತಿಲ್ಲ ಎಂಬುದನ್ನೂ ಒಪ್ಪಬೇಕು. ಹವೆ ಬೆಚ್ಚಗಿದ್ದರೆ ಮರಿಗೆ ಮೈ ಕಾಯಿಸಿಕೊಳ್ಳುವ ಖರ್ಚು ಕಡಿಮೆ, ಕೀಟದ ಹೊತ್ತು ತಪ್ಪಿದರೂ ಕೆಲವು ಕಡೆ ಅವು ಬೆಳೆದುಕೊಳ್ಳುತ್ತವೆ. ಹಕ್ಕಿಗಳು ಇನ್ನಷ್ಟು ಉತ್ತರಕ್ಕೆ ಸರಿಯಬಹುದಲ್ಲ ಎಂದು ಗೆಳೆಯರೊಬ್ಬರು ಕೇಳಿದರು. ತೈಮಿರಿನಿಂದ ಉತ್ತರಕ್ಕೆ ಕಡಲಿದೆ, ಕೆಲವು ದ್ವೀಪಗಳಿವೆ, ಅಷ್ಟೇ. 2024ರಲ್ಲಿ ನಿಸರ್ಗ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಐಯುಸಿಎನ್, ಅಪಾಯದಲ್ಲಿರುವ ಜೀವಿಗಳ ತನ್ನ ಕೆಂಪು ಪಟ್ಟಿಯಲ್ಲಿ ಕರ್ಲ್ಯೂ ಸ್ಯಾಂಡ್‌ಪೈಪರನ್ನೂ ಟಂಡ್ರಾದ ಇನ್ನೊಂದು ಹಕ್ಕಿಯಾದ ಗ್ರೇ ಪ್ಲೋವರನ್ನೂ ಅಪಾಯದಂಚಿನ (ವಲ್ನರಬಲ್) ವರ್ಗಕ್ಕೆ ಏರಿಸಿತು. ಅದಕ್ಕೆ ಟಂಡ್ರಾದ ಬಿಸಿಯೊಂದೇ ಕಾರಣವಲ್ಲ. ದಾರಿಯುದ್ದಕ್ಕೂ ಕೆಸರುಬಯಲುಗಳನ್ನು ತುಂಬಿ ಗಟ್ಟಿನೆಲ ಮಾಡಿದ ಪಾಲೂ ದೊಡ್ಡದಿದೆ.

ಆ ಪಾಲಿನಲ್ಲಿ ನಾವೂ ಇದ್ದೇವೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ, ಎನಿಸಿತು, ಸಂತೋಷ. ಕಾಳಿಯ ಅಳಿವೆಗೆ ಅಂಥ ಹೆಸರಿಲ್ಲ. ತೈಮಿರಿನ ಹಿಮವನ್ನು ಕಾರವಾರದಲ್ಲಿ ಕೂತು ನಿಲ್ಲಿಸಲಾಗದು; ಆದರೆ ಹೊರಡುವ ಮುನ್ನ ಹಕ್ಕಿ ಮೈಯಲ್ಲಿ ಕೊಬ್ಬು ತುಂಬಿಕೊಳ್ಳುವ ಏಪ್ರಿಲಿನ ಎರಡು–ಮೂರು ವಾರಗಳಲ್ಲಿ ಇಳಿತದ ಕೆಸರಿನ ಮೇಲೆ ಬೈಕು ಓಡಿಸದಿರುವುದು, ನಾಯಿ ಬಿಡದಿರುವುದು ನಮ್ಮ ಕೈಯಲ್ಲೇ ಇದೆ. ಒಮ್ಮೆ ಎಬ್ಬಿಸಿದ ಗುಂಪು ಮತ್ತೆ ಕೂತು ಮೇಯಲು ತೊಡಗುವಷ್ಟರಲ್ಲಿ ಭರತಿ ಏರಿರುತ್ತದೆ.

ಕಳೆದ ಸೆಪ್ಟೆಂಬರಿನ ಕೊನೆಯಲ್ಲಿ ನಾನು ದೂರದರ್ಶಕ ಹಿಡಿದು ಮರಿಗಳನ್ನು ಎಣಿಸಲು ಹೋಗಿದ್ದೆ. ದೊಡ್ಡವು ಆಗಸ್ಟಿನಲ್ಲೇ ಬಂದು ಮುಟ್ಟುತ್ತವೆ, ಸುಣ್ಣ ಉದುರಿದ ಗೋಡೆಯಂತೆ ಅಲ್ಲಲ್ಲಿ ಕೆಂಪು ಉಳಿಸಿಕೊಂಡು. ಮರಿಗಳು ತಡವಾಗಿ, ದೊಡ್ಡವರ ನೆರವಿಲ್ಲದೆ ಬರುತ್ತವೆ. ಬೆನ್ನಿನ ಗರಿಗಳಿಗೆ ಬಿಳಿ ಅಂಚು ಕಟ್ಟಿರುವುದರಿಂದ ಮೀನಿನ ಹುರುಪೆಯಂತೆ ಕಾಣುತ್ತದೆ, ಗುರುತಿಸುವುದು ಕಷ್ಟವಲ್ಲ. ನಲವತ್ತೊಂದು ಹಕ್ಕಿಗಳಲ್ಲಿ ಮರಿ ಆರು. ಒಂದು ದಿನದ, ಒಬ್ಬನ ಎಣಿಕೆಯಿಂದ ಏನನ್ನೂ ಸಾಧಿಸಿ ತೋರಿಸಲು ಆಗುವುದಿಲ್ಲ. ಅದು ಲೆಮ್ಮಿಂಗ್ ಕುಸಿದ ವರ್ಷವೂ ಆಗಿದ್ದೀತು, ಮರಿಗಳ ಇನ್ನೊಂದು ಗುಂಪು ಆಚೆ ದಡದ ದೇವಬಾಗದ ಕಡೆ ಇಳಿದಿದ್ದೀತು. ಈ ಸೆಪ್ಟೆಂಬರಿನಲ್ಲಿ ಅಮಾವಾಸ್ಯೆಯ ದೊಡ್ಡ ಇಳಿತಕ್ಕೆ ಎರಡೂ ದಡಗಳಲ್ಲಿ ಒಟ್ಟಿಗೇ ಎಣಿಸಬೇಕೆಂದಿದ್ದೇನೆ. ದೇವಬಾಗದ ದಡಕ್ಕೆ ಒಬ್ಬರು ಬೇಕು.