ಬೀದಿಗೆ ಮುಖ, ಮನೆಗೆ ಬೆನ್ನು

ಕಿಟಕಿ ಇರುವುದು ಮನೆಯೊಳಗೆ ಕೂತವರು ಹೊರಗೆ ನೋಡಲಿಕ್ಕೆ ಎಂಬ ತಪ್ಪು ತಿಳಿವಳಿಕೆ ವರ್ಷದ ಹನ್ನೊಂದು ತಿಂಗಳು ಚಾಲ್ತಿಯಲ್ಲಿರುತ್ತದೆ. ಡಿಸೆಂಬರ್ ಬಂತೆಂದರೆ ಅದಕ್ಕೆ ತಿದ್ದುಪಡಿ. ಆಗ ಕಿಟಕಿ ಇರುವುದು ಹೊರಗಿನವರು ನೋಡಲಿಕ್ಕೆ. ಒಳಗಿನವರು ಇರುವುದು ಅದಕ್ಕೆ ಬಣ್ಣ ಬಳಿದು, ಕರೆಂಟು ಕೊಟ್ಟು, ತಾವು ಚಿತ್ರಕ್ಕೆ ಅಡ್ಡ ಬರದಂತೆ ಬಗ್ಗಿ ಓಡಾಡಲಿಕ್ಕೆ.

ಒಂದು ನಕ್ಷತ್ರ ತೂಗುಹಾಕಿ ಒಂದು ದೀಪ ಹಚ್ಚಿಟ್ಟರೆ ಕ್ರಿಸ್ಮಸ್ ಆಯಿತು ಎನ್ನುವ ಕಾಲ ಹೋಯಿತು. ಈಗ ಬೇಕಿರುವುದು 'ಥೀಮ್'. ಗಾಜಿನ ಮೇಲಿನ ಚಿತ್ರ, ಪಕ್ಕದಲ್ಲಿ ತೂಗುವ ರೀತ್ (ಎಲೆಗಳನ್ನು ಬಳೆಯಂತೆ ಸುತ್ತಿದ ಹಾರ), ಅದಕ್ಕೆ ಕಟ್ಟಿದ ರಿಬ್ಬನ್, ಹಿಂದಿನ ಪರದೆ, ಸೋಫಾದ ದಿಂಬು, ನಾಯಿಗೆ ತೊಡಿಸಿದ ಸ್ವೆಟರ್ ಎಲ್ಲವೂ ಒಂದೇ ಬಣ್ಣದ ಬಳಗಕ್ಕೆ ಸೇರಿರಬೇಕು. ಒಳಾಂಗಣ ವಿನ್ಯಾಸದವರ ಹಳೆಯ ಲೆಕ್ಕವೊಂದಿದೆ: ಮುಖ್ಯ ಬಣ್ಣ ಶೇ 60, ಜೊತೆಯದು ಶೇ 30, ಮಿನುಗಿಗೆ ಶೇ 10. ಗೋಡೆ ಸೋಫಾಗಳಿಗಾಗಿ ಹೇಳಿದ ಈ ಲೆಕ್ಕವನ್ನು ಎತ್ತಿ ತಂದು ಗಾಜಿಗೆ ಅಂಟಿಸಿದವರು ಒಂದು ಸಣ್ಣ ಪ್ರಶ್ನೆ ಕೇಳಿಕೊಳ್ಳಲಿಲ್ಲ: ಗಾಜಿನ ಶೇ 60 ಭಾಗ ಬಣ್ಣವಾದರೆ ಬೆಳಕು ಬರುವುದು ಎಲ್ಲಿಂದ? ಬರುವುದಿಲ್ಲ. ಅದಕ್ಕೇ ಮಟಮಟ ಮಧ್ಯಾಹ್ನವೂ ಹಾಲ್‌ನಲ್ಲಿ ಟ್ಯೂಬ್‌ಲೈಟ್.

ಇರಲಿ, ಮಾಡುವುದೇ ಆದರೆ ಶಾಸ್ತ್ರೋಕ್ತವಾಗಿ ಮಾಡಿ. ಕಣ್ಣಿಗೆ ಸ್ವಚ್ಛವಾಗಿ ಕಂಡ ಗಾಜು ಬಣ್ಣಕ್ಕೆ ಸ್ವಚ್ಛವಲ್ಲ. ಬೆರಳ ಜಿಡ್ಡು ಉಳಿದಲ್ಲಿ ಬಣ್ಣ ಹಿಂದಕ್ಕೆ ಸರಿದು ಮಣಿಮಣಿಯಾಗಿ ನಿಲ್ಲುತ್ತದೆ. ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಎಂಬ ಸ್ಪಿರಿಟ್ ತಾಗಿಸಿದ ಬಟ್ಟೆಯಲ್ಲಿ ಒಮ್ಮೆ ಒರೆಸಬೇಕು. ರೀತ್ ತೂಗುಹಾಕುವ ರಬ್ಬರ್ ಬಟ್ಟಲಿನ ಕೊಕ್ಕೆಗಳನ್ನು ಈಗಲೇ ಒತ್ತಿಬಿಡಿ. ಬಣ್ಣ ಬಳಿದ ಮೇಲೆ ಅದರ ಮೇಲೆ ಒತ್ತಿದ ಕೊಕ್ಕೆ ಗಾಜನ್ನು ಹಿಡಿಯುವುದಿಲ್ಲ, ಬಣ್ಣವನ್ನು ಹಿಡಿಯುತ್ತದೆ. ನಡುರಾತ್ರಿ ರೀತ್ ಕೆಳಗೆ ಬೀಳುವಾಗ ಸಾಂತಾನ ಅರ್ಧ ಟೊಪ್ಪಿಗೆಯನ್ನೂ ಜೊತೆಗೆ ಕಿತ್ತುಕೊಂಡು ಬರುತ್ತದೆ.

ಬಣ್ಣ ನೀರಲ್ಲಿ ಕರಗುವ ಟೆಂಪೆರಾ ಅಥವಾ ಪೋಸ್ಟರ್ ಕಲರ್ ಆಗಿರಲಿ. ನಾಲ್ಕು ಚಮಚ ಬಣ್ಣಕ್ಕೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿದರೆ ಗಾಜಿಗೆ ಸರಿಯಾಗಿ ಹರಡುತ್ತದೆ, ಆಮೇಲೆ ಸುಲಭವಾಗಿ ಬಿಡುತ್ತದೆ. ನಿಧಾನಕ್ಕೆ ಕಲಸಿ. ರಭಸದಿಂದ ಕಡೆದರೆ ನೊರೆಯೇಳುತ್ತದೆ, ನೊರೆಯ ಗುಳ್ಳೆ ಒಡೆದು ಒಣಗಿದಲ್ಲೆಲ್ಲ ಸೂಜಿಮೊನೆಯಷ್ಟು ತೂತು. ಮೊದಲ ಕೋಟು ಗೀರುಗೀರಾಗಿಯೇ ಕಾಣುತ್ತದೆ, ಅದಕ್ಕೆ ಗಾಬರಿಯಾಗಿ ಅರೆಒಣಗಿದ್ದರ ಮೇಲೆ ಮತ್ತೆ ಬ್ರಷ್ ಎಳೆದರೆ ಇದ್ದದ್ದೂ ಎದ್ದು ಬರುತ್ತದೆ. ಅರ್ಧ ಗಂಟೆ ಬಿಟ್ಟು, ಎರಡನೆಯದನ್ನು ಸ್ಪಂಜಿನಲ್ಲಿ ತಟ್ಟಿ ತಟ್ಟಿ ಹಚ್ಚಬೇಕು. 'ಮಳೆಗೂ ಜಗ್ಗದ್ದು ಬೇಕು' ಎಂದು ಅಕ್ರಿಲಿಕ್ ತರುವವರಿಗೆ ನಮ್ಮ ಅಭ್ಯಂತರವಿಲ್ಲ. ಒಣಗಿದ ಅಕ್ರಿಲಿಕ್ ಎಂದರೆ ಗಾಜಿಗೆ ಅಂಟಿದ ಪ್ಲಾಸ್ಟಿಕ್ಕಿನ ಪದರ, ಅಷ್ಟೆ. ಅದು ಮಳೆಗೆ ಜಗ್ಗುವುದಿಲ್ಲ, ನಿಮಗೂ ಜಗ್ಗುವುದಿಲ್ಲ.

ಹೊರಗೆ ಬಳಿದರೆ ಮಳೆ ತೊಳೆದುಹಾಕುತ್ತದೆ ಎಂದು ಬುದ್ಧಿವಂತರು ಒಳಗಿನಿಂದ ಬಳಿಯುತ್ತಾರೆ. ಬುದ್ಧಿವಂತಿಕೆಯ ಪರೀಕ್ಷೆ ಶುರುವಾಗುವುದೇ ಅಲ್ಲಿ. ಶುಭಾಶಯದ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು ಎಂಬುದು ಹೆಚ್ಚಿನವರಿಗೆ ಗೊತ್ತಿದೆ, ಕೊನೆಯ ಅಕ್ಷರ ಮುಗಿಸಿ ಹೊರಗೆ ಹೋಗಿ ನೋಡಿದ ಮೇಲೆ. ಗೊತ್ತಿಲ್ಲದ್ದು ಪದರಗಳ ಕ್ರಮ. ಕಾಗದದ ಮೇಲೆ ಮೊದಲು ಮುಖ, ಅದರ ಮೇಲೆ ಕಣ್ಣು. ಗಾಜಿನ ಒಳಬದಿಯಲ್ಲಿ ಎಲ್ಲ ಉಲ್ಟಾ: ಮೊದಲು ಕಣ್ಣಿನ ಹೊಳಪಿನ ಬಿಳಿ ಚುಕ್ಕೆ, ಅದು ಒಣಗಿದ ಮೇಲೆ ಕಪ್ಪು ಪಾಪೆ, ಆಮೇಲೆ ಕಣ್ಣಿನ ಬಿಳಿ, ಆಮೇಲೆ ಕೆನ್ನೆಯ ಕೆಂಪು, ಕಟ್ಟಕಡೆಗೆ ಮುಖದ ಬಣ್ಣ. ಮುಖವನ್ನೇ ಮೊದಲು ಬಳಿದು ಅದರ ಮೇಲೆ ಎರಡು ಕಣ್ಣಿಟ್ಟರೆ ಒಳಗೆ ಕೂತವರಿಗೆ ಸಾಂತಾ ನಗುತ್ತಾನೆ, ಬೀದಿಯವರಿಗೆ ಕಣ್ಣುಮೂಗಿಲ್ಲದ ಮಾಂಸದ ಬಣ್ಣದ ಒಂದು ಉಂಡೆ ಗಡ್ಡ ಬಿಟ್ಟುಕೊಂಡು ನಿಂತಿರುತ್ತದೆ. ಸರಿಯಾದ ಕ್ರಮದಲ್ಲಿ ಬಳಿದರೋ, ಆ ಉಂಡೆ ನಿಮ್ಮ ಪಾಲಿಗೆ. ತಿಂಗಳಿಡೀ ಅದರ ಎದುರು ಕೂತು ಟೀವಿ ನೋಡುವುದು ನೀವು.

ಚಿತ್ರ ಬರೆಯಲು ಬಾರದವರಿಗೆ ಉಪಾಯವುಂಟು: ಕಾಗದದಲ್ಲಿ ಪ್ರಿಂಟ್ ತೆಗೆದು ಗಾಜಿನ ಹೊರಬದಿಗೆ ಅಂಟಿಸಿ, ಒಳಗಿನಿಂದ ಗೆರೆ ಎಳೆಯುವುದು. ಒಂಟಿ ಗಾಜಿಗೆ ಇದು ಸುಗಮ. ಎರಡು ಪದರದ ಗಾಜಾದರೆ ಬ್ರಷ್‌ಗೂ ಕಾಗದಕ್ಕೂ ನಡುವೆ ಸುಮಾರು 24 ಮಿಲಿಮೀಟರ್ ಅಂತರ (4 ಗಾಜು, 16 ಖಾಲಿ, ಮತ್ತೆ 4 ಗಾಜು, ಸಾಮಾನ್ಯ ಲೆಕ್ಕ). ತಲೆ ಅಲ್ಲಾಡಿದಂತೆಲ್ಲ ಕೆಳಗಿನ ಗೆರೆಯೂ ಅಲ್ಲಾಡುತ್ತದೆ. ಒಂದು ಕಣ್ಣು ಮುಚ್ಚಿ, ತಲೆಯನ್ನು ಒಂದೇ ಕಡೆ ನಿಲ್ಲಿಸಿ ಎಳೆದರೆ ಮಾತ್ರ ಸರಿ. ಬಗ್ಗಿ ಎಳೆದ ಕಾಲು ಒಂದಳತೆ, ನೆಟ್ಟಗೆ ನಿಂತು ಎಳೆದ ಸೊಂಟ ಇನ್ನೊಂದಳತೆ ಆದಾಗ ಹಿಮಸಾರಂಗಕ್ಕೆ ಪೋಲಿಯೋ ಬಂದಂತಿರುತ್ತದೆ. ಥೀಮ್ 'ಹಳ್ಳಿಗಾಡಿನ ಸೊಗಸು' ಎಂದು ಆಗ ಬದಲಾಯಿಸಿಕೊಳ್ಳಬಹುದು.

ಇನ್ನು ಬೆಳಕಿನ ವಿಚಾರ. ಹಗಲಲ್ಲಿ ಬೀದಿಯಿಂದ ನೋಡಿದರೆ ಕಿಟಕಿ ಕತ್ತಲೆಯ ಚೌಕ. ಕಡು ಹಸಿರು ಮರ ಆ ಕತ್ತಲಲ್ಲಿ ಕರಗಿಹೋಗುತ್ತದೆ, ಬೆರಳಗಲದ ಬಿಳಿ ಅಂಚು ಕೊಟ್ಟರಷ್ಟೇ ಎದ್ದು ಕಾಣುತ್ತದೆ. ಬಣ್ಣ ಗಟ್ಟಿಯಾಗಿ ಕಾಣಲೆಂದು ಹಿಂದೆ ಬಿಳಿಯ ಕೋಟು ಕೊಟ್ಟಿರೋ, ಕತ್ತಲಾಗಿ ಒಳಗೆ ದೀಪ ಹಾಕಿದ ಕೂಡಲೇ ಬೆಳಕು ತೂರಿ ಬಾರದೆ ಇಡೀ ಚಿತ್ರ ಕಪ್ಪು ನೆರಳಾಗುತ್ತದೆ. ಬೆನ್ನ ಮೇಲೆ ಮೂಟೆ ಹೊತ್ತ ಕಪ್ಪು ಆಕೃತಿ ನಿಮ್ಮ ಕಿಟಕಿಯಲ್ಲಿ ನಿಂತಿದ್ದರೆ ದಾರಿಹೋಕರು ಏನೆಂದುಕೊಳ್ಳಬೇಕು? ಒಳಗಿನವರಿಗೆ ಹಗಲಿಡೀ ಇದೇ ಕಳ್ಳನ ದರ್ಶನ, ಬಿಸಿಲು ಆ ಬದಿಯಲ್ಲಿರುತ್ತದಲ್ಲ. ಒಟ್ಟಿನಲ್ಲಿ ಬಣ್ಣವೂ ಬೆಳಕೂ ಎರಡೂ ಸರಿಯಾಗಿ ಕಾಣುವುದು ಸೂರ್ಯ ಮುಳುಗಿದ ಮೇಲಿನ ಹದಿನೈದಿಪ್ಪತ್ತು ನಿಮಿಷ. ಹಾಕಿದ ಫೋಟೊಗಳೆಲ್ಲ ಅದೇ ಹೊತ್ತಿನವು. ಆ ಹೊತ್ತಿಗೆ ಮನೆಮಂದಿಯೆಲ್ಲ ಹೊರಗೆ, ಚಳಿಯಲ್ಲಿ, ಫೋನ್ ಎತ್ತಿ ಹಿಡಿದು.

ಎಲ್ಲಕ್ಕಿಂತ ನಮಗೆ ಮೆಚ್ಚುಗೆಯಾಗಿರುವುದು ನಕಲಿ ಹಿಮ. ಒಂಟಿ ಗಾಜಿನ ಕಿಟಕಿಗಳಿದ್ದಾಗ ಚಳಿನಾಡುಗಳಲ್ಲಿ ಒಳಗಿನ ತೇವ ಶೂನ್ಯಕ್ಕಿಂತ ತಣ್ಣಗಿದ್ದ ಗಾಜಿಗೆ ತಾಗಿ, ಜರೀಗಿಡದ ಎಲೆಯಂತೆ ಕವಲೊಡೆದು ಹರಳುಗಟ್ಟುತ್ತಿತ್ತು. ಪುಕ್ಕಟೆ, ದಿನಕ್ಕೊಂದು ಹೊಸ ವಿನ್ಯಾಸ. ಜನ ಅದನ್ನು ಶಪಿಸಿ, ದುಡ್ಡು ಸುರಿದು ಎರಡು ಪದರ, ಮೂರು ಪದರದ ಗಾಜು ಹಾಕಿಸಿದರು. ಒಳಗಾಜು ಬೆಚ್ಚಗಾಯಿತು, ಹರಳು ಹೋಯಿತು. ಈಗ ಅದೇ ಗಾಜಿನ ಮೇಲೆ ಅದೇ ಹರಳನ್ನು ಮತ್ತೆ ದುಡ್ಡು ಕೊಟ್ಟು ಬೆಳೆಸುತ್ತಿದ್ದಾರೆ. ವಿಧಾನ ಇದು: 100 ಮಿಲಿಲೀಟರ್ ಬಿಸಿ ನೀರಿಗೆ ಸುಮಾರು 120 ಗ್ರಾಂ ಎಪ್ಸಮ್ ಸಾಲ್ಟ್, ಎಂದರೆ ಮೆಗ್ನೀಸಿಯಂ ಸಲ್ಫೇಟ್, ಪೂರ್ತಿ ಕರಗುವ ತನಕ ಕಲಕಿ. ಸೋಪಿನ ಎರಡು ಹನಿ, ಹೆಚ್ಚು ಬೇಡ. ಬೆಚ್ಚಗಿರುವಾಗಲೇ ಅಗಲ ಬ್ರಷ್‌ನಲ್ಲಿ ಮೂಲೆಗಳಿಂದ ಒಳಮುಖವಾಗಿ ತೆಳುವಾಗಿ ಹಚ್ಚಿ. ನೀರು ಆರುತ್ತಿದ್ದಂತೆ ಸೂಜಿಗಳು ಮೂಡುತ್ತವೆ. ಸೋಪು ಜಾಸ್ತಿಯಾದರೆ ಸೂಜಿ ಬರುವುದಿಲ್ಲ, ಬಿಳಿ ಮಬ್ಬು ಬರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಒಣಗುವುದೇ ಇಲ್ಲ, ಕೆಳಗಿಳಿಯುತ್ತದೆ. ಅಲ್ಯೂಮಿನಿಯಂ ಚೌಕಟ್ಟಿಗೆ ಇಳಿದದ್ದನ್ನು ಆಗಲೇ ಒರೆಸಿಬಿಡಿ. ಡಬ್ಬಿಯಿಂದ ಸಿಂಪಡಿಸುವ ಹಿಮವೂ ಸಿಗುತ್ತದೆ. ಸ್ಟೆನ್ಸಿಲ್‌ನಿಂದ ಒಂದಡಿ ದೂರ ಹಿಡಿಯಬೇಕು, ಹತ್ತಿರ ಹಿಡಿದರೆ ಅಂಚಿನಡಿಗೆ ನುಗ್ಗಿ ನಕ್ಷತ್ರವನ್ನು ಹತ್ತಿಯುಂಡೆ ಮಾಡುತ್ತದೆ. ಹಿಮವನ್ನೇ ಕಾಣದವರೂ, ಡಿಸೆಂಬರಿನಲ್ಲಿ ಸುಡುಬೇಸಿಗೆ ಅನುಭವಿಸುವ ಭೂಮಿಯ ದಕ್ಷಿಣಾರ್ಧದವರೂ ಫ್ಯಾನಿನಡಿ ಕೂತು ಇದನ್ನು ಸಿಂಪಡಿಸುತ್ತಾರೆ. ಹಬ್ಬ ಎಂದಮೇಲೆ ಚಳಿ ಬೇಕೇಬೇಕು.

ಹಿಮದ ಹರಳಿಗೆ ಆರೇ ತೋಳು ಏಕೆ ಎಂದು ಖಗೋಳ ವಿಜ್ಞಾನಿ ಕೆಪ್ಲರ್ 1611ರಲ್ಲೇ ತಲೆಕೆಡಿಸಿಕೊಂಡಿದ್ದ. ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಷಟ್ಕೋನವಾಗಿ ಜೋಡಣೆಯಾಗುವುದರಿಂದ ಆರು. ಕಿಟಕಿಗೆ ಅಂಟಿಸುವ ಕಾಗದದ ಹರಳಿಗೆ ಮಾತ್ರ ಎಂಟು. ಕಾಗದವನ್ನು ಮೂರು ಸಲ ಅರ್ಧರ್ಧ ಮಡಚಿ ಕತ್ತರಿಸಿದರೆ ಎಂಟೇ ಬರುವುದು. ಆರು ಬೇಕಾದರೆ ಒಮ್ಮೆ ಅರ್ಧ ಮಡಚಿ, ಆಮೇಲೆ 60 ಡಿಗ್ರಿಯಂತೆ ಮೂರು ಪಾಲು ಮಾಡಬೇಕು. ಅಷ್ಟು ಪುರುಸೊತ್ತು ಯಾರಿಗಿದೆ, ನಾಯಿಯ ಸ್ವೆಟರ್ ಬೇರೆ ಇಸ್ತ್ರಿ ಮಾಡಬೇಕು.

ಸೀರಿಯಲ್ ಸೆಟ್‌ಗೆ ಬಂದರೆ, ಇಡೀ ಬೀದಿ ಸಭೆ ಸೇರಿ 'ವಾರ್ಮ್ ವೈಟ್ ಮಾತ್ರ' ಎಂದು ಠರಾವು ಮಾಡುವುದುಂಟು. ಮಗು ಆಸೆಪಟ್ಟಿತೆಂದು ಏಳು ಬಣ್ಣದ ಮಿಣುಕುದೀಪ ಹಾಕಿದ ಮನೆಗೆ ಸಾಮಾಜಿಕ ಬಹಿಷ್ಕಾರ ಒಂದು ಬಾಕಿ. ಠರಾವು ಮಾಡಿದವರಿಗೆ ಗೊತ್ತಿಲ್ಲದ್ದು ಏನೆಂದರೆ, ಡಬ್ಬದ ಮೇಲೆ 2700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಎಂದೇ ಬರೆದ ಎರಡು ಕಂಪನಿಯ ಸೆಟ್‌ಗಳು ಅಕ್ಕಪಕ್ಕ ಉರಿದರೆ ಒಂದು ಹಳದಿಗೆ ಎಳೆಯುತ್ತದೆ, ಇನ್ನೊಂದು ಗುಲಾಬಿಗೆ. ಒಂದೇ ಕಿಟಕಿಗೆ ಬೇಕಾದಷ್ಟನ್ನೂ ಒಂದೇ ಬ್ಯಾಚಿನಲ್ಲಿ ಕೊಂಡು ಒಂದು ಸೆಟ್ ಹೆಚ್ಚಿಗೆ ಇಟ್ಟುಕೊಳ್ಳುವುದು ಕ್ಷೇಮ. ಅಗ್ಗದ ಎಲ್‌ಇಡಿಯಲ್ಲಿ ಕೆಂಪು ಕಂದಾಗುತ್ತದೆ, ವಾರ್ಮ್ ವೈಟ್‌ನಡಿ ಬಿಳಿ ಬಣ್ಣ ಹಳಸಿದಂತೆ ಕಾಣುತ್ತದೆ. ವಾರಗಟ್ಟಲೆ ಪರದೆಯ ತುಂಡು ಹಿಡಿದು ಹೊಂದಿಸಿದ ಬಣ್ಣಗಳು ಸ್ವಿಚ್ ಒತ್ತಿದ ಕ್ಷಣ ಒಂದಕ್ಕೊಂದು ಮುಖ ತಿರುಗಿಸಿಕೊಳ್ಳುತ್ತವೆ. ವೈರನ್ನು ಕಿಟಕಿಯ ಬಾಗಿಲಿನ ಸಂದಿಗೆ ಸಿಕ್ಕಿಸಿ ಮುಚ್ಚಬೇಡಿ, ಮೇಲಿನ ಪ್ಲಾಸ್ಟಿಕ್ ಜಜ್ಜಿಹೋಗಿ ಒಳಗಿನ ತಂತಿ ಹೊರಬರುತ್ತದೆ.

ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿಟ್ಟ ಗೊಂಬೆಗಳ ಮುಖವೂ ಹೊರಗೇ. ಮನೆಯವರಿಗೆ ಕಾಣುವುದು ದೇವದೂತರ ಬೆನ್ನು, ರೆಕ್ಕೆಗೆ ಹಾಕಿದ ಅಂಟಿನ ಕಲೆ, ಬ್ಯಾಟರಿ ಡಬ್ಬ. ಗೋದಲಿಯನ್ನೂ ಬೀದಿಗೇ ತಿರುಗಿಸಿದ ಮನೆಗಳಿವೆ: ಮೂವರು ಜ್ಞಾನಿಗಳು ನಡುಮನೆಗೆ ಬೆನ್ನು ಹಾಕಿದ್ದಾರೆ, ಸೋಫಾದಲ್ಲಿ ಕೂತು ಪ್ರಾರ್ಥಿಸುವವರಿಗೆ ಕತ್ತೆಯ ಹಿಂಭಾಗ. ಪರದೆ ಎಳೆದರೆ ದೀಪ ಮಂಕು, ತೆರೆದರೆ ಸಂಸಾರವೆಲ್ಲ ಬಯಲು. ಹಾಗಾಗಿ ಡಿಸೆಂಬರ್ ಪೂರ್ತಿ ಸಂಜೆ ಆರರಿಂದ ಹತ್ತರ ತನಕ ಮನೆಯಲ್ಲಿ ಜಗಳವಿಲ್ಲ, ನೈಟಿ ಲುಂಗಿ ಇಲ್ಲ. ಮೇಲೆಲ್ಲ ಥಳಕು ಒಳಗೆಲ್ಲ ಹುಳುಕು ಎಂದರಂತೆ ಹಿರಿಯರು. ಅವರ ಕಾಲದಲ್ಲಿ ಹುಳುಕಾದರೂ ನೆಮ್ಮದಿಯಾಗಿ ಒಳಗಿತ್ತು.

ಬೆಳಗಿನ ಜಾವದ ಚಳಿಗೆ ಒಳಗಾಜು ಬೆವರುತ್ತದೆ, ಅದೂ ಕೆಳಗಿನ ಅಂಚಿನಿಂದ. ಕೆಳಗೆ ನಾಲ್ಕು ಬೆರಳಷ್ಟು ಜಾಗ ಬಣ್ಣವಿಲ್ಲದೆ ಬಿಡದಿದ್ದರೆ ಟೆಂಪೆರಾ ಕರಗಿ ಬಿಳಿ ಚೌಕಟ್ಟಿನ ಮೇಲೆ ಕೆಂಪು ಹರಿದು, ರಾತ್ರಿ ಇಲ್ಲೇನೋ ನಡೆದಿದೆ ಎಂಬಂತೆ ಕಾಣುತ್ತದೆ. ಬಿಸಿಲು ಬೀಳುವ ದೊಡ್ಡ ಗಾಜಿಗೆ ಕಡು ಬಣ್ಣವನ್ನು ಪೂರ್ತಿ ಬಳಿಯುವುದಂತೂ ಬೇಡವೇ ಬೇಡ: ಬಣ್ಣವಿದ್ದಲ್ಲಿ ಗಾಜು ಕಾಯುತ್ತದೆ, ಚೌಕಟ್ಟಿನೊಳಗಿನ ಅಂಚು ತಣ್ಣಗಿರುತ್ತದೆ, ಟಫನ್ಡ್ (ಕಾಯಿಸಿ ಗಟ್ಟಿಗೊಳಿಸಿದ್ದು) ಅಲ್ಲದ ಸಾದಾ ಗಾಜು ಅಂಚಿನಿಂದ ಟಪ್ಪೆಂದು ಸೀಳುತ್ತದೆ. ಸೀಳು ಯಾವ ಥೀಮಿಗೂ ಹೊಂದುತ್ತದೆ ಎನ್ನುವುದೊಂದೇ ಸಮಾಧಾನ.

ತೆಗೆಯುವ ಮುಹೂರ್ತ ಜನವರಿ 6 ಎನ್ನುತ್ತಾರೆ ಹಲವರು, ಫೆಬ್ರುವರಿ 2ರವರೆಗೆ ಇಡಬಹುದು ಎನ್ನುತ್ತಾರೆ ಕೆಲವರು. ಸೋಮಾರಿಗಳೆಲ್ಲ ಎರಡನೆಯ ಪಂಗಡ. ಬಿಸಿಲಿಗೆ ಕಾದಷ್ಟೂ ಬಣ್ಣ ಹಟ ಹಿಡಿಯುತ್ತದೆ. ಕಟ್ಟೆಗೆ ಹಳೇ ಟವೆಲ್ ಹಾಸಿ, ಬೆಚ್ಚನೆಯ ಸೋಪು ನೀರು ಸಿಂಪಡಿಸಿ ಐದು ನಿಮಿಷ ನೆನೆಯಲು ಬಿಡಿ. ಆಮೇಲೆ ಹೊಸ ಬ್ಲೇಡನ್ನು 30 ಡಿಗ್ರಿ ಓರೆಯಾಗಿ ಹಿಡಿದು ಒಂದೇ ದಿಕ್ಕಿಗೆ ತಳ್ಳಿ. ಹಿಂದಕ್ಕೆ ಎಳೆದರೆ ಬ್ಲೇಡಿನಡಿ ಸಿಕ್ಕಿದ ಕಣ ಗಾಜನ್ನು ಗೀರುತ್ತದೆ. ಗಾಜಿನ ಮೂಲೆಯಲ್ಲಿ ಟಫನ್ಡ್ ಎಂಬ ಮುದ್ರೆಯಿದ್ದರೆ ಅಥವಾ ಮೇಲೆ ಸನ್‌ಫಿಲ್ಮ್ ಅಂಟಿಸಿದ್ದರೆ ಬ್ಲೇಡ್ ಮುಟ್ಟಲೇಬೇಡಿ, ನೆನೆಸಿ ನೆನೆಸಿ ಬಟ್ಟೆಯಲ್ಲೇ ತೆಗೆಯಿರಿ. ಎಲ್ಲ ಮುಗಿದು ಗಾಜು ಫಳಫಳ ಹೊಳೆದ ಮೇಲೂ, ಸೋಪಿನ ಪಸೆ ಉಳಿದಿದ್ದರೆ, ಗಾಜಿಗೆ ಹಬೆ ಕವಿದಾಗಲೆಲ್ಲ ಸಾಂತಾನ ಆಕಾರ ಮತ್ತೆ ಮೂಡುತ್ತದೆ. ಆಲ್ಕೊಹಾಲ್‌ನಲ್ಲಿ ಇನ್ನೊಮ್ಮೆ ಒರೆಸಿದರೆ ಹೋಗುತ್ತದೆ. ಒರೆಸಲು ಬೇಸರವಾದವರು ಅದನ್ನು ಹಾಗೇ ಬಿಟ್ಟು, ವಸಂತದಲ್ಲಿ ಆ ಟೊಪ್ಪಿಗೆಯ ಜಾಗದಲ್ಲಿ ಎರಡು ಉದ್ದ ಕಿವಿ ಬರೆದು, ಗಡ್ಡವನ್ನು ಹೊಟ್ಟೆಯಾಗಿಸಿ, ಈಸ್ಟರ್ ಮೊಲ ಎಂದು ಫೋಟೊ ಹಾಕುತ್ತಾರೆ. ಪರದೆ ಮಾತ್ರ ಹೊಸದಾಗಿ ಕೊಳ್ಳಬೇಕಾಗುತ್ತದೆ, ಮೊಲಕ್ಕೆ ಕೆಂಪು ಹೊಂದುವುದಿಲ್ಲವಲ್ಲ.