ಸಹಿ ಹಾಕಿದ ಮಾತ್ರಕ್ಕೆ ಕಾನೂನಾಗಲ್ಲ: ಒಂದು ಸ್ಪಷ್ಟನೆ

ದಾವಣಗೆರೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆ ಒಪ್ಪಂದಕ್ಕೆ ಭಾರತ 2007ರಲ್ಲಿ ಸಹಿ ಹಾಕಿದೆ, ಅಂದಿನಿಂದ ಅದೇ ಇಲ್ಲಿನ ಕಾನೂನು, ಖಾಸಗಿ ಕಂಪನಿಯಲ್ಲೂ ಶೇ. 4 ಮೀಸಲಾತಿ ಕೇಳಿ ಅಂತ.

ಸಹಿ ಹಾಕಿದ್ದು ನಿಜ. ಉಳಿದದ್ದು ತಪ್ಪು.

ನಮ್ಮಲ್ಲಿ ಒಪ್ಪಂದ ತಾನಾಗಿಯೇ ಕಾನೂನಾಗುವುದಿಲ್ಲ. ಸಂಸತ್ತು ಕಾಯ್ದೆ ಮಾಡಬೇಕು. ಸಂವಿಧಾನದ 253ನೇ ವಿಧಿ ಅದಕ್ಕೆ ಅಧಿಕಾರ ಕೊಡುತ್ತದೆ. ಈ ಕೆಲಸಕ್ಕೆ ಒಂಬತ್ತು ವರ್ಷ ಹಿಡಿಯಿತು! 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಜಾರಿಗೆ ಬಂದಿದ್ದು 2017ರ ಏಪ್ರಿಲ್ 19ಕ್ಕೆ. 1995ರ ಹಳೇ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, ಈಗ 21. ಮೀಸಲಾತಿ ಶೇ. 3ರಿಂದ 4ಕ್ಕೆ ಏರಿತು, ಆದರೆ ಸರ್ಕಾರಿ ಹುದ್ದೆಗಳಿಗೆ ಮಾತ್ರ. ಖಾಸಗಿಯವರಿಗೆ ಪ್ರೋತ್ಸಾಹಧನದ ಮಾತಿದೆ, ಕಡ್ಡಾಯ ಇಲ್ಲ.

ಹಾಗಂತ ಒಪ್ಪಂದ ಸುಮ್ನೆ ಕಾಗದವೂ ಅಲ್ಲ. 1997ರ ವಿಶಾಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಹಿಳೆಯರ ಕುರಿತ ಅಂತರರಾಷ್ಟ್ರೀಯ ಒಪ್ಪಂದವನ್ನೇ ಆಧಾರವಾಗಿ ಇಟ್ಟುಕೊಂಡು ಕೆಲಸದ ಜಾಗದಲ್ಲಿನ ಲೈಂಗಿಕ ಕಿರುಕುಳ ತಡೆಯಲು ಮಾರ್ಗಸೂಚಿ ಕೊಟ್ಟಿತು. ಅದರ ಬಗ್ಗೆ ಕಾಯ್ದೆ ಬಂದಿದ್ದು 2013ರಲ್ಲಿ.

ಮೊನ್ನೆ ಗಾಲಿಕುರ್ಚಿಯ ಗೆಳೆಯನ ಜೊತೆ ಊರಿನ ಒಂದು ಕಚೇರಿಗೆ ಹೋಗಿದ್ದೆ. ರ‍್ಯಾಂಪ್ ಇತ್ತು. ಅದರ ಬುಡದಲ್ಲೇ ಎರಡು ಬೈಕು ಅಡ್ಡ ನಿಂತಿದ್ದವು, ಮೇಲೆ ಹೂಕುಂಡ ಬೇರೆ. ಇಂಥ ಕಡೆ ದೂರು ಬರೆಯುವಾಗ ವಿಶ್ವಸಂಸ್ಥೆ ಹೆಸರು ಹೇಳಿದರೆ ಗುಮಾಸ್ತರು ನಗುತ್ತಾರೆ ಅಷ್ಟೆ. 2016ರ ಕಾಯ್ದೆಯ 45ನೇ ಸೆಕ್ಷನ್ ಅಂತ ಬರೆಯಿರಿ. ಹಳೇ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಅದು ಕೊಟ್ಟಿದ್ದ ಐದು ವರ್ಷದ ಗಡುವು 2022ರಲ್ಲೇ ಮುಗಿದಿದೆ.