ಅದೇ ಪೈಲ್ವಾನ, ಹೊಸ ಚಡ್ಡಿ

ಮಾರ್ಚ್ ಬಂತು ಅಂದ್ರೆ ರಾಯಚೂರಿಗೆ ಎರಡು ಸುದ್ದಿ ಖಾಯಂ. ಒಂದು, ಈ ಸಲ ಬಿಸಿಲು ಹೋದ ವರ್ಷಕ್ಕಿಂತ ಜಾಸ್ತಿ. ಎರಡು, ಟಿವಿ ಕುಸ್ತಿಯ ಡಬ್ಲ್ಯುಡಬ್ಲ್ಯುಇ ಇದೆಯಲ್ಲ, ಅದರ ಈ ಸಲದ ವಿಡಿಯೋ ಗೇಮ್ ಹೋದ ವರ್ಷದ್ದಕ್ಕಿಂತ ಭರ್ಜರಿ. ಮೊದಲನೆಯದು ನಿಜವೋ ಸುಳ್ಳೋ ನೋಡಲು ಚಪ್ಪಲಿ ಬಿಟ್ಟು ಅಂಗಳಕ್ಕೆ ಇಳಿದರೆ ಸಾಕು. ಎರಡನೆಯದಕ್ಕೆ ಸಾವಿರಗಟ್ಟಲೆ ಕೊಡಬೇಕು. ಕೊಟ್ಟ ಮೇಲೆ ಗೊತ್ತಾಗುತ್ತದೆ, ಅದೇ ಪೈಲ್ವಾನ, ಅದೇ ಪಟ್ಟು, ಚಡ್ಡಿ ಮಾತ್ರ ಹೊಸದು.

ಮೊದಲು ಹೀಗಿರಲಿಲ್ಲ. 2000ದಲ್ಲಿ ಜಪಾನಿನ ಯೂಕ್ಸ್ ಕಂಪನಿ ‘ಸ್ಮ್ಯಾಕ್‌ಡೌನ್’ ಹೆಸರಲ್ಲಿ ಈ ಸರಣಿ ಶುರು ಮಾಡಿತು. 2003ರಲ್ಲಿ ಪಿಎಸ್2 ಅನ್ನುವ ಗೇಮ್ ಮಷೀನಿಗೆ ‘ಹಿಯರ್ ಕಮ್ಸ್ ದ ಪೇನ್’ ಬಂತು. ಇವತ್ತಿಗೂ ಅದರ ಹೆಸರು ಎತ್ತಿದರೆ ಮೂವತ್ತೈದು ದಾಟಿದ ಗಂಡಸರು ಹೊಟ್ಟೆ ಮುಂದೆ ಬಂದಿರುವುದನ್ನು ಮರೆತು ಸೋಫಾ ಮೇಲಿಂದ ಹಾರಲು ನೋಡುತ್ತಾರೆ. ಎದುರಾಳಿಯನ್ನು ರಿಂಗಿನಿಂದ ಪಾರ್ಕಿಂಗ್ ಜಾಗದವರೆಗೂ ಅಟ್ಟಿಸಿಕೊಂಡು ಹೋಗಿ ಹೊಡೆಯಬಹುದಿತ್ತು. ತಲೆಗೆ ಎಷ್ಟು ಬಿತ್ತು, ಕಾಲಿಗೆ ಎಷ್ಟು ಬಿತ್ತು ಅಂತ ಬೇರೆ ಬೇರೆ ಲೆಕ್ಕ ಇತ್ತು. ರಕ್ತವೂ ಬರುತ್ತಿತ್ತು. ಗೇಮ್ ಪಾರ್ಲರಿನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂತರೆ ಆ ಗಂಟೆಯೆಲ್ಲ ಆಟವನ್ನೇ ಆಡುತ್ತಿದ್ದೆವು, ಎಂಥಾ ಹಿಂದಿನ ಕಾಲ ನೋಡಿ! ಅಪ್‌ಡೇಟ್ ಇಲ್ಲ, ಸರ್ವರ್ ಇಲ್ಲ, ಆಟದೊಳಗೆ ನಿಜವಾದ ದುಡ್ಡು ಕೇಳುವ ಅಂಗಡಿ ಇಲ್ಲ. ಕರೆಂಟ್ ಹೋದರೆ ಮಾತ್ರ ಆಟ ನಿಲ್ಲುತ್ತಿತ್ತು. ವಿದ್ಯುತ್ ಸ್ಥಾವರದ ಶಕ್ತಿನಗರವನ್ನು ಪಕ್ಕದಲ್ಲೇ ಇಟ್ಟುಕೊಂಡ ಊರಲ್ಲಿ ಕರೆಂಟ್ ಯಾಕೆ ಹೋಗುತ್ತದೆ ಅನ್ನುವುದು ಬೇರೆ ಲೇಖನದ ವಿಷಯ, ಬಿಡಿ.

ಆಮೇಲೆ ಈ ಆಟಗಳನ್ನು ಮಾರುತ್ತಿದ್ದ ಟಿಎಚ್‌ಕ್ಯೂ ಕಂಪನಿ ದಿವಾಳಿಯಾಯಿತು, 2013ರಲ್ಲಿ ಸರಣಿ 2ಕೆ ಅನ್ನುವ ಕಂಪನಿಯ ಕೈಗೆ ಬಂತು. ಅಲ್ಲಿಂದ ಒಂದು ಹೊಸ ವಿದ್ಯೆ ಬೆಳೆಯಿತು. ಇದ್ದದ್ದನ್ನು ಕಿತ್ತುಕೊಳ್ಳುವುದು, ಜನ ಅಳುವವರೆಗೆ ಕಾಯುವುದು, ಆಮೇಲೆ ಅದನ್ನೇ ‘ಹೊಸತು’ ಅಂತ ಮಾರುವುದು. ‘ಸ್ಮ್ಯಾಕ್‌ಡೌನ್ ವರ್ಸಸ್ ರಾ 2006’ರಲ್ಲಿ ನಾವೇ ಮ್ಯಾನೇಜರ್ ಆಗಿ ಕುಸ್ತಿ ಶೋ ನಡೆಸುವ ಜನರಲ್ ಮ್ಯಾನೇಜರ್ ಮೋಡ್ ಇತ್ತು. ಅದು ಹೋಯಿತು. 2022ರಲ್ಲಿ ‘ಮೈಜಿಎಂ’ ಅಂತ ವಾಪಸ್ ಬಂತು, ನಾವು ಚಪ್ಪಾಳೆ ಹೊಡೆದೆವು. ಹಳ್ಳಿಗೆ ಬರುತ್ತಿದ್ದ ಬಸ್ಸನ್ನು ನಿಲ್ಲಿಸಿ, ಐದು ವರ್ಷ ಬಿಟ್ಟು ಅದೇ ಬಸ್ಸಿಗೆ ಬಾಳೆಕಂಬ ಕಟ್ಟಿ ಹಸಿರು ನಿಶಾನೆ ತೋರಿಸುವ ಶಾಸಕರ ಹಾಗೆ. ಎದುರಾಳಿಯನ್ನು ಪೆಟ್ಟಿಗೆಯೊಳಗೆ ತುಂಬುವ ಶವಪೆಟ್ಟಿಗೆ ಪಂದ್ಯವನ್ನೂ ಹೀಗೇ ವರ್ಷಗಟ್ಟಲೆ ಹೂತಿಟ್ಟು 2ಕೆ24ರಲ್ಲಿ, ಅಂದರೆ 2024ರ ಆಟದಲ್ಲಿ, ಹೊರಗೆ ತೆಗೆದರು. ಶವಪೆಟ್ಟಿಗೆ ಹೂಳುವುದು ಎಲ್ಲರಿಗೂ ಗೊತ್ತು. ಅಗೆದು ತೆಗೆದು ಮತ್ತೆ ಮಾರುವುದಕ್ಕೆ ತಲೆ ಬೇಕು.

ಆದರೆ ಇವರ ನಿಜವಾದ ಸಾಧನೆ 2ಕೆ20. ಅಷ್ಟು ವರ್ಷ ಆಟ ಕಟ್ಟಿದ ಯೂಕ್ಸ್ ಹೊರಗೆ ಹೋಯಿತು, ಜೊತೆಗಿದ್ದ ವಿಷುಯಲ್ ಕಾನ್ಸೆಪ್ಟ್ಸ್ ಕಂಪನಿಯವರು ಒಬ್ಬರೇ ಉಳಿದರು, 2019ರ ಅಕ್ಟೋಬರಿನಲ್ಲಿ ಆಟ ಬಂತು. ಕೂದಲು ಒಂದು ಕಡೆ ಹಾರಿದರೆ ತಲೆ ಇನ್ನೊಂದು ಕಡೆ. ಮುಖ ನೋಡಿ ಇವನ್ಯಾರು ಅಂತ ಹೇಳುವುದಕ್ಕೆ ಅವನ ಹೆತ್ತವರನ್ನೇ ಕರೆಸಬೇಕಿತ್ತು. ಹಗ್ಗಕ್ಕೆ ತಾಗಿದವನು ಮೈಮೇಲೆ ದೇವರು ಬಂದವನಂತೆ ಕುಣಿಯುತ್ತಿದ್ದ. ‘ಫಿಕ್ಸ್ ಡಬ್ಲ್ಯುಡಬ್ಲ್ಯುಇ 2ಕೆ20’ ಅನ್ನುವ ಹ್ಯಾಶ್‌ಟ್ಯಾಗ್ ಲೋಕವೆಲ್ಲ ಓಡಾಡಿತು. ಇದೆಲ್ಲ ಇರಲಿ, 2020ರ ಜನವರಿ 1ರಂದು ಲೋಕವೇ ಹೊಸ ವರ್ಷ ಅಂತ ಕೇಕ್ ಕತ್ತರಿಸುತ್ತಿದ್ದಾಗ ಆಟ ತೆರೆಯಲೇ ಇಲ್ಲ. ಹೆಸರಲ್ಲಿ 20 ಇರುವ ಆಟಕ್ಕೆ 2020 ಅನ್ನುವ ವರ್ಷವೊಂದು ಬರುತ್ತದೆ ಅಂತ ಯಾರೂ ಹೇಳಿರಲಿಲ್ಲ. ಕೊನೆಗೆ ಪರಿಹಾರ ಕಂಡುಹಿಡಿದವರೂ ಆಡುವವರೇ. ಮಷೀನಿನ ತಾರೀಖನ್ನು 2019ಕ್ಕೆ ಇಳಿಸಿದರೆ ಆಟ ಶುರುವಾಗುತ್ತಿತ್ತು.

ಹಿಂದಕ್ಕೆ ಹೋಗಿ ಬದುಕಿಕೊಳ್ಳುವ ಈ ಉಪಾಯ ಕೇಳಿ ಬೇರೆಯವರು ನಕ್ಕರು, ರಾಯಚೂರಿನವರು ನಗಲಿಲ್ಲ. 2002ರ ನಂಜುಂಡಪ್ಪ ವರದಿ ನಮ್ಮ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಹಾಕಿತ್ತು. ಹಿಂದೆ ಉಳಿಯುವುದರಲ್ಲಿ ನಮಗೆ ಸರ್ಕಾರಿ ಸರ್ಟಿಫಿಕೇಟೇ ಇದೆ. ಅಮೆರಿಕದವರು ಒಂದು ಮಾತು ಕೇಳಿದ್ದರೆ ಬಂದು ತರಬೇತಿ ಕೊಡುತ್ತಿದ್ದೆವು, ಊಟ ವಸತಿ ಕೊಟ್ಟರೆ ಸಾಕಿತ್ತು.

ಅದಾದ ಮೇಲೆ 2ಕೆ21 ಬರಬೇಕಿತ್ತು. ಅದನ್ನು ಮಾಡುವುದೇ ಇಲ್ಲ ಅಂತ 2020ರಲ್ಲಿ ಹೇಳಿಬಿಟ್ಟರು. ನನ್ನ ಲೆಕ್ಕದಲ್ಲಿ ಇಡೀ ಸರಣಿಯಲ್ಲಿ ಒಂದೂ ದೋಷವಿಲ್ಲದ ಆಟ ಅಂದರೆ ಅದೇ.

ಈಗ ಕಾರ್ಡಿನ ವಿಷಯಕ್ಕೆ ಬರೋಣ, ಹೊಟ್ಟೆ ಉರಿಯುವುದು ಇಲ್ಲಿ. ನಾವು ಶಾಲೆಗೆ ಹೋಗುವಾಗ ಕಿರಾಣಿ ಅಂಗಡಿಯಲ್ಲಿ ಕುಸ್ತಿ ಪಟುಗಳ ಟ್ರಂಪ್ ಕಾರ್ಡ್ ಸಿಗುತ್ತಿತ್ತು. ರ‍್ಯಾಂಕ್, ಎತ್ತರ, ತೂಕ, ಎದೆ, ಬೈಸೆಪ್ಸ್. ದೈತ್ಯ ಬಿಗ್ ಶೋ ಕೈಗೆ ಬಂದರೆ ತೂಕ ಅನ್ನು, ಎದುರಿನವನು ಸತ್ತ. ಮೇಷ್ಟ್ರು ಅದನ್ನು ಕಿತ್ತುಕೊಂಡು ‘ಇದರಿಂದ ಹೊಟ್ಟೆ ತುಂಬುತ್ತೇನೋ ಲೇ?’ ಅಂತ ಬೈಯುತ್ತಿದ್ದರು. ತುಂಬುತ್ತದೆ ಮೇಷ್ಟ್ರೇ, ನಮ್ಮದಲ್ಲ, 2ಕೆ ಕಂಪನಿಯದು. 2022ರ ಆಟದಲ್ಲಿ ‘ಮೈಫ್ಯಾಕ್ಷನ್’ ಅಂತ ಕಾರ್ಡ್ ಕೂಡಿಸುವ ಆಟ ತಂದರು. ದುಡ್ಡು ಕೊಟ್ಟು ಪ್ಯಾಕೆಟ್ ಒಡೆ, ಒಳಗೆ ಯಾರು ಬರುತ್ತಾರೋ ದೇವರಿಗೇ ಗೊತ್ತು. ನಮ್ಮ ಭಾಗಕ್ಕೆ 371(ಜೆ) ಇದೆಯಲ್ಲ, ಒಳ್ಳೆಯ ಕಾರ್ಡಿನಲ್ಲಿ ಕಲ್ಯಾಣ ಕರ್ನಾಟಕದವರಿಗೆ ಒಂದಿಷ್ಟು ಮೀಸಲಾತಿ ಕೇಳಬಹುದಿತ್ತು. ಕೇಳುವಷ್ಟರಲ್ಲಿ ಅಂಗಡಿಯನ್ನೇ ಮುಚ್ಚಿದರು. 2022ರ ಮಾರ್ಚಿನಲ್ಲಿ ಬಂದ ಆಟದ ಸರ್ವರ್ 2024ರ ಜನವರಿಗೆ ಬಂದ್. ಎರಡು ವರ್ಷವೂ ತುಂಬಲಿಲ್ಲ. ಕೂಡಿಸಿದ ಕಾರ್ಡೆಲ್ಲ ಗಾಳಿಗೆ. ಕಿರಾಣಿ ಅಂಗಡಿಯ ಕಾರ್ಡನ್ನು ಇಲಿ ಕಡಿದರೂ ಅರ್ಧ ಬಿಗ್ ಶೋ ಆದರೂ ಉಳಿಯುತ್ತಿದ್ದ.

ಇನ್ನೊಂದು ತಂದರು, ‘ಸೂಪರ್‌ಚಾರ್ಜರ್’. ಆಟ ಆಡಿ ಆಡಿ ಗಳಿಸಬೇಕಾದ ಹಳೇ ದಿಗ್ಗಜರು, ಅಖಾಡಗಳು ಎಲ್ಲವನ್ನೂ ಒಂದೇ ಏಟಿಗೆ ಬಿಚ್ಚಿಕೊಡುವ ಪ್ಯಾಕ್. ಅಂದರೆ ಆಡುವುದಕ್ಕೆ ಒಂದು ಸಲ ದುಡ್ಡು, ಆಡುವುದನ್ನು ತಪ್ಪಿಸಿಕೊಳ್ಳುವುದಕ್ಕೆ ಇನ್ನೊಂದು ಸಲ. 2ಕೆ25ರಲ್ಲಿ ‘ದಿ ಐಲ್ಯಾಂಡ್’ ಅಂತ ದ್ವೀಪವನ್ನೇ ಕಟ್ಟಿದರು. ಅಲ್ಲಿ ತೋಳಿಗೆ ಬಲ ಬೇಕಾದರೂ ವಿಸಿ ಅನ್ನುವ ಅವರ ನಾಣ್ಯ ಸುರಿಯಬೇಕು, ಅಂಗಿ ಬೇಕಾದರೂ ಅದನ್ನೇ ಸುರಿಯಬೇಕು. ಆ ವರ್ಷ ಪಿಸಿಯಲ್ಲಿ ಆಡುವವರಿಗೆ ಆ ದ್ವೀಪವೇ ಇರಲಿಲ್ಲ. ಜನ ಅದನ್ನು ಅನ್ಯಾಯ ಅಂದರು. ನನಗೇನೋ ಆ ಸರಣಿಯಲ್ಲಿ ಇತ್ತೀಚೆಗೆ ಸಿಕ್ಕ ಒಂದೇ ಒಂದು ರಿಯಾಯಿತಿ ಅದು ಅನ್ನಿಸಿತು.

ಹಂಗಂತ ತಪ್ಪೆಲ್ಲ ಕಂಪನಿಯದೇ ಅಂದರೆ ಅಭಿಮಾನಿಗಳಿಗೆ ಅವಮಾನ. ಕುಸ್ತಿಪಟು ಅಂಡರ್‌ಟೇಕರ್ ಏಳು ಸಲ ಸತ್ತು ಹುಟ್ಟಿದ್ದಾನೆ ಅಂತ ಪಕ್ಕದ ಬೆಂಚಿನವನು ಹೇಳಿದ್ದನ್ನು ನಂಬಿ ಬೆಳೆದ ಜನ ನಾವು. ಟ್ರೇಲರ್ ನಂಬುವುದು ಯಾವ ಲೆಕ್ಕ? ನವೆಂಬರಿನಲ್ಲಿ ‘ಇನ್ನು ಈ ಜನ್ಮದಲ್ಲಿ ಕೊಳ್ಳಲ್ಲ’ ಅಂತ ದೊಡ್ಡ ಅಕ್ಷರದಲ್ಲಿ ಬರೆಯುತ್ತೇವೆ. ಜನವರಿಯಲ್ಲಿ ಹೊಸ ಆಟದ ಪೈಲ್ವಾನರ ಪಟ್ಟಿ ಬಿಡುತ್ತಾರೆ, ಅದರಲ್ಲಿ ನಮ್ಮ ಬಾಲ್ಯದ ಒಬ್ಬ ಮುದುಕ ಇರುತ್ತಾನೆ. ಮಾರ್ಚಿನಲ್ಲಿ ಜಾಸ್ತಿ ದುಡ್ಡಿನ ಎಡಿಷನ್ನೇ ಕೊಳ್ಳುತ್ತೇವೆ, ಒಂದು ವಾರ ಮೊದಲೇ ಸಿಗುತ್ತದಲ್ಲ, ಬೇರೆಯವರಿಗಿಂತ ಒಂದು ವಾರ ಮೊದಲೇ ಬೈಯಬಹುದು.

ಇದಕ್ಕೆಲ್ಲ ಪರಿಹಾರ ನಮ್ಮ ಸ್ಟೇಷನ್ ರೋಡಿನಲ್ಲೇ ಇದೆ. ಅಲ್ಲೊಬ್ಬ ಮೊಬೈಲ್ ಅಂಗಡಿ ಹುಡುಗ, ಹತ್ತನೇ ಕ್ಲಾಸಿಗೇ ಪುಸ್ತಕ ಮುಚ್ಚಿದವನು, ಊರ ಹುಡುಗರ ಫೋನಿಗೆಲ್ಲ ಪಿಪಿಎಸ್‌ಎಸ್‌ಪಿಪಿ ಅನ್ನುವ, ಹಳೇ ಪಿಎಸ್‌ಪಿ ಮಷೀನಿನ ಆಟಗಳನ್ನು ಫೋನಿನಲ್ಲಿ ಓಡಿಸುವ ಆ್ಯಪ್ ಹಾಕಿ ಪ್ರತಿ ವರ್ಷ ‘ಹೊಸ 2ಕೆ’ ತುಂಬಿ ಕೊಡುತ್ತಾನೆ. ತೆರೆದರೆ ಹೊಸ ಹೆಸರು, ಹೊಸ ಮುಖ, ಹೊಸ ಬೆಲ್ಟ್. ಒಳಗೆ ಇರುವುದು ಪಿಎಸ್‌ಪಿಯ ಹಳೇ ‘ಸ್ಮ್ಯಾಕ್‌ಡೌನ್ ವರ್ಸಸ್ ರಾ 2011’. ಇಂಟರ್‌ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮರು ಮುಖ ಅಂಟಿಸಿ ಬಿಟ್ಟಿರುತ್ತಾರೆ, ಇವನು ಇಳಿಸಿ ತುಂಬುತ್ತಾನೆ. ದೊಡ್ಡ ಕಂಪನಿ ನೂರಾರು ಎಂಜಿನಿಯರುಗಳನ್ನು ಇಟ್ಟುಕೊಂಡು ಮಾಡುವ ಕೆಲಸವೂ ಇದೇ ಅಲ್ವಾ? ವ್ಯತ್ಯಾಸ ಅಂದರೆ ಇವನು ಐವತ್ತು ರೂಪಾಯಿ ತೆಗೆದುಕೊಂಡು ಮೇಲೊಂದು ಸ್ಕ್ರೀನ್‌ಗಾರ್ಡ್ ಹಾಕಿ ಕೊಡುತ್ತಾನೆ. ಸರ್ವರ್ ಮುಚ್ಚುವ ಮಾತಂತೂ ಇಲ್ಲವೇ ಇಲ್ಲ, ಅಂಗಡಿ ಶಟರ್ ರಾತ್ರಿ ಒಂಬತ್ತಕ್ಕೆ ಮುಚ್ಚಿದರೂ ಬೆಳಿಗ್ಗೆ ತೆರೆಯುತ್ತದೆ.

ಮೊನ್ನೆ ಹೋಗಿ ‘ಏನಪ್ಪಾ, ಮುಂದಿನ ವರ್ಷದ್ದು ಯಾವಾಗ?’ ಅಂತ ಸುಮ್ನೆ ಕೆಣಕಿದೆ. ಅವನು ತಲೆ ಎತ್ತದೇ ಚಾರ್ಜರ್ ಪಿನ್ನು ಉಜ್ಜುತ್ತಾ ಹೇಳಿದ, ‘ಅದು ರೆಡಿನ ಅದ ಅಣ್ಣಾ. ಕವರ್ ಮ್ಯಾಲೆ ಯಾರ ಫೋಟೋ ಅಂತ ಕಂಪನಿಯೋರು ಇನ್ನಾ ಹೇಳಿಲ್ಲ, ಅದಕ್ಕ ತಡ ಆಗ್ಯಾದ.’